ನೋಡೋಣ ಎಂದ ಮೇಲೆ

ಕುರ್ಚಿಯ ಮರ್ಯಾದೆ ಮೇಲುಗಡೆ ಇರುತ್ತದೆ, ಗುಟ್ಟು ಕೆಳಗಡೆ ಇರುತ್ತದೆ. ಇದು ಕುರ್ಚಿಯಕ್ಕನ ಸಿದ್ಧಾಂತ. ಮೂವತ್ತು ವರ್ಷಗಳಿಂದ ಬೆತ್ತ ಹೆಣೆದು, ಕಾಲು ಜೋಡಿಸಿ, ಬೆಣೆ ಬಡಿದು ಬದುಕಿದ ಆಕೆಗೆ ಇದನ್ನು ಯಾರೂ ಕಲಿಸಿದ್ದಲ್ಲ. ಗಿರಾಕಿ ಮುರುಕು ಕುರ್ಚಿಯೊಂದನ್ನು ತಂದು, "ಇದು ಸರಿಹೋಗುತ್ತಾ?" ಎಂದು ಕೇಳಿದರೆ ಆಕೆಯ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ನೋಡೋಣ." ಮಾತು ಮುಗಿಯುವಷ್ಟರಲ್ಲಿ ಕುರ್ಚಿ ನಾಲ್ಕು ಕಾಲನ್ನೂ ಆಕಾಶಕ್ಕೆತ್ತಿ ಆಕೆಯ ಮೊಣಕಾಲಿನ ಮೇಲೆ ಮಲಗಿರುತ್ತಿತ್ತು. ಗಿರಾಕಿಯೂ ಬಗ್ಗಿ ನೋಡಬೇಕು. ಅದು ಅಂಗಡಿಯ ನಿಯಮ. ಆಕೆಯ ನಿಘಂಟಿನಲ್ಲಿ ನೋಡೋಣ ಎಂದರೆ ಇಬ್ಬರೂ ನೋಡುವುದು, ಈಗಲೇ ನೋಡುವುದು. ಆ ಮಾತಿಗೆ ಬೇರೆ ಅರ್ಥವೂ ಉಂಟೆಂದು ಆಕೆಗೆ ತಿಳಿಯದೆ ಹೋದದ್ದು ಕಚೇರಿಗಳ ಮೆಟ್ಟಿಲನ್ನು ಎಂದೂ ಹತ್ತದ ಪುಣ್ಯದಿಂದ.

ಆಕೆಯ ಬೀದಿಯಿಂದ ಕಾಲುವೆಯ ದಂಡೆಯವರೆಗೆ ಮೂರು ಪ್ರಾರ್ಥನಾ ಮನೆಗಳಿದ್ದವು. ಜನ ಅವನ್ನು ಗಂಟೆಮನೆ, ದೀಪದಮನೆ, ಚಾಪೆಮನೆ ಎನ್ನುತ್ತಿದ್ದರು. ಮೂರರ ದೇವರ ಬಗ್ಗೆಯೂ ಕುರ್ಚಿಯಕ್ಕನಿಗೆ ಹೆಚ್ಚು ತಿಳಿಯದು. ಮೂರರ ಕುರ್ಚಿಗಳ ಬಗ್ಗೆ ಮಾತ್ರ ಆಕೆಯಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಗಂಟೆಮನೆಯವರು ಕುಳಿತು, ಎದ್ದು, ಮತ್ತೆ ಕುಳಿತು ಪ್ರಾರ್ಥಿಸುವವರು. ಅವರ ಕುರ್ಚಿಗಳ ಕೀಲು ಬೇಗ ಸಡಿಲವಾಗುತ್ತಿತ್ತು. ದೀಪದಮನೆಯವರು ಗಂಟೆಗಟ್ಟಲೆ ಕದಲದೆ ಕೂರುವವರು. ಅಲ್ಲಿ ಬೆತ್ತ ಜೋತುಬೀಳುತ್ತಿತ್ತು. ಚಾಪೆಮನೆಯವರಂತೂ ನೆಲದ ಮೇಲೆ ಕೂರುವವರು. ಮಂಡಿನೋವಿನ ಹಿರಿಯರಿಗೆಂದು ಅವರು ಇಟ್ಟಿದ್ದ ಹನ್ನೆರಡು ಕುರ್ಚಿಗಳು ಅತ್ತೆಮನೆಗೆ ಆಗಷ್ಟೇ ಬಂದ ಸೊಸೆಯರಂತೆ ಗೋಡೆಗೆ ಒರಗಿ ನಿಂತಿರುತ್ತಿದ್ದವು. ಒಂದರ ಸೊತ್ತು ಇನ್ನೊಂದರಲ್ಲಿ ಕಲೆಯದಿರಲೆಂದು ಆಕೆಯೇ ಸೀಟುಗಳ ತಳದಲ್ಲಿ ಬಣ್ಣದ ಗುರುತು ಹಾಕಿದ್ದಳು: ಗಂಟೆಮನೆಗೆ ನೀಲಿ ಚುಕ್ಕೆ, ದೀಪದಮನೆಗೆ ಕೆಂಪು ಗೆರೆ, ಚಾಪೆಮನೆಗೆ ಹಳದಿ ಕತ್ತರಿ.

ತಿಂಗಳ ಮೊದಲ ಸೋಮವಾರ ಗಂಟೆಮನೆಯಿಂದ ಆರು ಮಡಚುವ ಕುರ್ಚಿಗಳು ರಿಪೇರಿಗೆ ಬಂದವು. ಆಕೆ ಎಂದಿನಂತೆ ತಲೆಕೆಳಗು ಮಾಡಿದಳು. ಮೂರರಲ್ಲಿ ನೀಲಿ ಚುಕ್ಕೆಯಿತ್ತು, ಎರಡರಲ್ಲಿ ಕೆಂಪು ಗೆರೆ. ಆರನೆಯದರಲ್ಲಿ ಹಳದಿ ಕತ್ತರಿ.

ಕುರ್ಚಿಯಕ್ಕ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು. ಕತ್ತರಿ ಅಲ್ಲೇ ಇತ್ತು. ಚಾಪೆಮನೆಯ ಕುರ್ಚಿ ಗಂಟೆಮನೆಗೆ ಹೋಗುವುದೆಂದರೆ ಮೀನು ಮರ ಹತ್ತಿದಂತೆಯೇ ಸರಿ. ಆ ಎರಡು ಮನೆಗಳ ನಡುವೆ ಜಗಳವಿರಲಿಲ್ಲ, ನಿಜ. ಆದರೆ ಜಗಳವಾಡುವಷ್ಟು ಪರಿಚಯವೂ ಇರಲಿಲ್ಲ. ಹಾಗಾದರೆ ಕಳವೇ? ಕದಿಯುವವನು ಹೊಸ ಕುರ್ಚಿ ಬಿಟ್ಟು ಹಳೆಯದನ್ನೇಕೆ ಕದ್ದಾನು? ರದ್ದಿ ಅಂಗಡಿಯಿಂದ ತೂಕದ ಲೆಕ್ಕದಲ್ಲಿ ತಂದ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವಳು ಆಕೆ. ಅವುಗಳಲ್ಲಿ ಬಹುತೇಕವಕ್ಕೆ ಕೊನೆಯ ಹಾಳೆಗಳೇ ಇರುತ್ತಿರಲಿಲ್ಲ. ಆದ್ದರಿಂದ ಕೊಲೆಗಾರ ಯಾರೆಂದು ತಿಳಿಯದ ಹಸಿವೊಂದು ಆಕೆಯ ಹೊಟ್ಟೆಯಲ್ಲಿ ಶಾಶ್ವತವಾಗಿ ಮನೆಮಾಡಿತ್ತು. ಆ ಹಸಿವು ಈಗ ಎದ್ದು ಕುಳಿತಿತು.

ಸಂಜೆ ತಂಗಿ ಕೆಲಸದಿಂದ ಬಂದೊಡನೆ ಆಕೆ ವಿಷಯ ತೆಗೆದಳು. ಇಬ್ಬರೂ ಒಂದೇ ಸೂರಿನಡಿ ಇಪ್ಪತ್ತೆರಡು ವರ್ಷಗಳಿಂದ ಇದ್ದರು. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ. ತಂಗಿಗೆ ಕಾಲುವೆಯ ಆ ದಡದ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ, ಹಗಲಿಡೀ ನಿಂತು ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವುದು.

"ನೋಡೇ, ಆರು ಕುರ್ಚಿಗೆ ಮೂರು ಜಾತಿ ಗುರುತು!"

"ನಿಂಗೆ ಕುರ್ಚಿದೇ ಚಿಂತೆ," ಎಂದು ತಂಗಿ ಗೋಡೆಗೆ ಒರಗಿ ಕುಳಿತಳು. "ನಂಗೆ ಬೇರೆ ವಿಷಯ ಇದೆ. ಲಾಂಡ್ರಿಯವರು ಹೆಂಗಸರಿಗೆ ಹಾಸ್ಟೆಲ್ ರೂಮು ಕೊಡ್ತಾರಂತೆ. ಆ ದಡದಲ್ಲೇ."

ಕುರ್ಚಿಯಕ್ಕನ ಕೈಯಲ್ಲಿದ್ದ ಬೆತ್ತದ ಎಳೆ ನಿಂತಿತು.

"ಈ ತಿಂಗಳ ಕೊನೆ ತನಕ ನಡೀತೀನಿ ಅಕ್ಕ. ಅಷ್ಟರಲ್ಲಿ ಸೇತುವೆ ಬೀಗ ತೆಗೆದ್ರೆ ಸರಿ. ಇಲ್ಲಾಂದ್ರೆ ಪೆಟ್ಟಿಗೆ ಕಟ್ಕೊಂಡು ಹೋಗ್ತೀನಿ."

"ಯಾಕೆ, ಕಾಲು ನೋಯ್ತಿದ್ಯಾ?"

"ಕಾಲಿಗೇನು ಧಾಡಿ? ನಿದ್ದೆ ಸಾಲ್ತಿಲ್ಲ, ಅಷ್ಟೇ."

ಕಾಲುವೆಯ ಮೇಲೊಂದು ಮರದ ಕಾಲುಸೇತುವೆಯಿತ್ತು. ನಾಲ್ಕು ನಿಮಿಷದ ನಡಿಗೆ. ಎಂಟು ತಿಂಗಳ ಹಿಂದೆ ಅದರ ಕಂಬಿಯೊಂದು ಮುರಿದದ್ದೇ ನೆಪವಾಗಿ ಇಲಾಖೆಯವರು ಗೇಟು ನಿಲ್ಲಿಸಿ, ಬೀಗ ಜಡಿದು, "ತಾತ್ಕಾಲಿಕವಾಗಿ ಮುಚ್ಚಲಾಗಿದೆ" ಎಂಬ ಫಲಕ ತೂಗಿಸಿ ಹೋಗಿದ್ದರು. ಬಿಸಿಲಿಗೆ ಬಣ್ಣ ಸುಲಿದು ಈಗ ಅದರಲ್ಲಿ "ಮುಚ್ಚಲಾಗಿದೆ" ಎಂಬುದಷ್ಟೇ ಉಳಿದಿತ್ತು. ಆ ದಡದ ಲಾಂಡ್ರಿ, ಗೋದಾಮು, ಕಾರ್ಖಾನೆಗಳಿಗೆ ದುಡಿಯಲು ಹೋಗುವ ಈ ದಡದ ಜನ ಅಂದಿನಿಂದ ಲಾರಿ ರಸ್ತೆ ಹಿಡಿದು, ದೊಡ್ಡ ಸೇತುವೆಯನ್ನು ಬಳಸಿ, ಸುಮಾರು ಒಂದು ಗಂಟೆ ನಡೆಯುತ್ತಿದ್ದರು.

ಆ ರಾತ್ರಿ ಕುರ್ಚಿಯಕ್ಕ ಕಾದಂಬರಿ ತೆರೆಯಲಿಲ್ಲ. ತಂಗಿಯಿಲ್ಲದ ಹಿಂದಿನ ಕೋಣೆಯನ್ನು ಕಲ್ಪಿಸಿಕೊಳ್ಳಲು ನೋಡಿದಳು. ಹಾಸಿಗೆ, ಸ್ಟೋವು, ಎರಡು ಲೋಟ ಎಲ್ಲವೂ ಕಣ್ಣಿಗೆ ಕಟ್ಟಿದವು. ಎರಡನೆಯ ಲೋಟವನ್ನು ಏನು ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಆಕೆ ಹಳದಿ ಕತ್ತರಿಯ ಕುರ್ಚಿಯನ್ನು ಹೆಗಲಿಗೇರಿಸಿ ಬೀದಿಯ ಕೊನೆಯ ಹೊಲಿಗೆ ಅಂಗಡಿಗೆ ಹೋದಳು. ದರ್ಜಿಯಣ್ಣ ಚಾಪೆಮನೆಯ ಹಿರಿಯರಲ್ಲೊಬ್ಬರು. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಕಚ್ಚಿರುತ್ತಿದ್ದುದರಿಂದ ಅವರು ಅಳೆದು ತೂಗಿ ಮಾತಾಡುವವರೆಂದು ಊರೆಲ್ಲ ಹೆಸರಾಗಿತ್ತು.

"ದರ್ಜಿಯಣ್ಣ, ನಿಮ್ಮ ಕುರ್ಚಿ ಗಂಟೆಮನೇಲಿ ಸಿಕ್ತು. ನಿಮ್ಮ ಕಡೆ ಏನು ನಡೀತಿದೆ?"

ಅವರು ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದರು. "ಅಂದ್ರೆ ನಮ್ಮ ಹತ್ರ ಇರೋ ನೀಲಿ ಚುಕ್ಕೆದು ಗಂಟೆಮನೇದು ಅಂತಾಯ್ತು. ನಾವೇನೋ ನೀವು ಹೊಸ ಡಿಸೈನ್ ಮಾಡಿದ್ದೀರಿ ಅಂದ್ಕೊಂಡ್ವಿ."

"ನಗೆಚಾಟಿಕೆ ಬೇಡ. ಯಾರು ಸಾಗಿಸ್ತಿರೋದು?"

"ನಾವೇ ಸಾಗಿಸ್ತಿರೋದು. ಬುಧವಾರ ಸಂಜೆ ದೀಪದಮನೆಗೆ ಬನ್ನಿ, ಕಣ್ಣಾರೆ ನೋಡುವಿರಂತೆ. ಬರುವಾಗ ಒಂದು ಕುರ್ಚಿ ತನ್ನಿ. ಪ್ರತಿ ಸಲ ಕಡಿಮೆ ಬೀಳ್ತಿವೆ."

ಬುಧವಾರಕ್ಕೆ ಇನ್ನೂ ಒಂದೂವರೆ ದಿನವಿತ್ತು. ಆ ಒಂದೂವರೆ ದಿನದಲ್ಲಿ ಕುರ್ಚಿಯಕ್ಕ ಒಂದು ಸೀಟನ್ನು ಎರಡು ಸಲ ತಪ್ಪು ಹೆಣೆದು ಬಿಚ್ಚಿದಳು.

ದೀಪದಮನೆಯ ಹಜಾರದಲ್ಲಿ ಸುಮಾರು ಮೂವತ್ತು ಜನ ಸುತ್ತಲೂ ಕುಳಿತಿದ್ದರು. ಲಾಂಡ್ರಿಯವರು, ಗೋದಾಮಿನ ಹಮಾಲರು, ಆಸ್ಪತ್ರೆಯ ಕಸಗುಡಿಸುವವರು, ಅಡುಗೆಯವರು. ಯಾರು ಯಾವ ಮನೆಯವರೆಂದು ಮುಖದಿಂದ ತಿಳಿಯುವಂತಿರಲಿಲ್ಲ. ಕುರ್ಚಿಗಳ ತಳ ನೋಡಿದರೂ ತಿಳಿಯುವಂತಿರಲಿಲ್ಲ, ಏಕೆಂದರೆ ಅವರವರ ಕುರ್ಚಿಯಲ್ಲಿ ಅವರವರು ಕುಳಿತಿರಲಿಲ್ಲ. ವಾರಕ್ಕೊಂದು ಮನೆಯಲ್ಲಿ ಸಭೆ ಸೇರುವಾಗ ಹೊತ್ತು ತಂದ ಕುರ್ಚಿಗಳು ಹೀಗೆ ಕಲೆತುಹೋಗಿದ್ದವು. ನಡುವೆ ದೀಪದಮನೆಯ ನರ್ಸಮ್ಮ ಕುಳಿತಿದ್ದಳು. ನಿವೃತ್ತಳಾಗಿ ಹತ್ತು ವರ್ಷವಾಗಿದ್ದರೂ ವಾರ್ಡಿನ ದನಿ ನಿವೃತ್ತವಾಗಿರಲಿಲ್ಲ. ಒಂದು ಕಿವಿ ಮಂದ.

ಗಂಟೆಮನೆಯ ಗುರುಗಳು ಎದ್ದು ನಿಂತರು. "ನನಗೆ ಎರಡೇ ನಿಮಿಷ ಕೊಡಿ..."

"ಗುರುಗಳೇ, ನಿಮ್ಮ ಎರಡು ನಿಮಿಷದಲ್ಲಿ ಹೋದ್ಸಲ ನಾನೊಂದು ನಿದ್ದೆ ಮುಗಿಸಿದ್ದೀನಿ," ಎಂದಳು ನರ್ಸಮ್ಮ. ಗುರುಗಳೇ ಮೊದಲು ನಕ್ಕರು. "ದೇವರ ಹತ್ರ ಕೇಳೋದನ್ನ ಅವರವರ ಮನೇಲಿ ಕೇಳ್ಕೊಂಡು ಬನ್ನಿ ಅಂತ ಮೊದಲೇ ಮಾತಾಗಿದೆ. ಇಲ್ಲಿ ಭಾಷಣ ಇಲ್ಲ. ಕಾಲಿನ ಕಥೆ ಹೇಳಿ. ಸೇತುವೆ ಮುಚ್ಚಿದ ಮೇಲೆ ಯಾರ ಕಾಲು, ಎಲ್ಲಿ ನೋಯ್ತು, ಅಷ್ಟೇ."

ಜನ ಹೇಳತೊಡಗಿದರು. ಒಬ್ಬ ಹಮಾಲನಿಗೆ ಲಾರಿಯೊಂದು ಮೈಸವರಿ ಹೋಗಿತ್ತು. ಒಬ್ಬ ಅಡುಗೆಯವಳು ದಾರಿಯಲ್ಲಿ ಬಿದ್ದು ಕೈ ಮುರಿದುಕೊಂಡಿದ್ದಳು. ಕುರ್ಚಿಯಕ್ಕ ಬಾಯಿ ತೆರೆದುಕೊಂಡು ಕೇಳಿದಳು. ಇವರೆಲ್ಲ ಆಕೆಯ ಅಂಗಡಿಯ ಮುಂದೆಯೇ ದಿನಾ ಹಾದುಹೋಗುವವರು.

"ಇಷ್ಟು ದಿನ ಅರ್ಜಿ ಯಾಕೆ ಕೊಟ್ಟಿಲ್ಲ?" ಎಂದು ಆಕೆ ಪಕ್ಕದಲ್ಲಿದ್ದ ದರ್ಜಿಯಣ್ಣನನ್ನು ಪಿಸುಮಾತಿನಲ್ಲಿ ಕೇಳಿದಳು.

"ಬರೆದಿದ್ವಿ. ಯಾವ ಮನೆ ಹೆಸರು ಮೊದಲು ಬರೀಬೇಕು ಅಂತ ಎರಡು ತಿಂಗಳು ಹೋಯ್ತು. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಕೊನೆಗೆ ನರ್ಸಮ್ಮನೇ ಹೇಳಿದ್ಲು, ಮನೆ ಹೆಸರೇ ಬೇಡ, ಯಾರು ಏನು ಕೆಲಸ ಮಾಡ್ತಾರೋ ಅದನ್ನೇ ಬರೀರಿ ಅಂತ. ಆಮೇಲೆ ಒಂದೇ ಸಂಜೇಲಿ ಮುಗೀತು."

ಅರ್ಜಿ ಕೊಡಲು ಮುಂದಿನ ಮಂಗಳವಾರ ಇಲಾಖೆಗೆ ಹೋಗುವುದೆಂದಾಯಿತು. ಅಲ್ಲಿ ನಡೆದುದನ್ನು ಬರೆದುಕೊಳ್ಳಲು ಒಬ್ಬರು ಬೇಕಿತ್ತು. ಗಂಟೆಮನೆಯವರು ಬರೆದರೆ ದೀಪದಮನೆಯವರು ಒಪ್ಪರು, ಅವರು ಬರೆದರೆ ಇವರು ಒಪ್ಪರು. ನರ್ಸಮ್ಮ ಸುತ್ತ ಕಣ್ಣಾಡಿಸಿದಳು.

"ಕುರ್ಚಿಯಕ್ಕ ಬರೀಲಿ. ಮೂರೂ ಮನೆಗೂ ಸೇರದವಳು."

"ನಂಗೆ ಸಭೆ ನಡಾವಳಿ ಬರೆಯೋಕೆ ಬರಲ್ಲ ನರ್ಸಮ್ಮ."

"ಕೇಳಿದ್ದನ್ನ ಕೇಳಿದ ಹಾಗೆ ಬರಿ. ಅಷ್ಟು ಬಂದ್ರೆ ಸಾಕು."

ತಂಗಿಗೆ ಇದನ್ನು ಹೇಳಿದಾಗ ಆಕೆ ಚಪ್ಪಲಿ ಬಿಚ್ಚುತ್ತ, "ಎಂಟು ತಿಂಗಳಿಂದ ಮೀನಮೇಷ ಎಣಿಸೋರು ನಿನ್ನ ಪುಸ್ತಕ ನೋಡಿ ಬೀಗ ತೆಗೀತಾರಾ?" ಎಂದಳು. ಮಂಚದ ಕೆಳಗಿನ ಪೆಟ್ಟಿಗೆ ಆಗಲೇ ಹೊರಗೆ ಬಂದು ಧೂಳು ಒರೆಸಿಕೊಂಡಿತ್ತು.

ಮಂಗಳವಾರ ನಾಲ್ವರು ಹೋದರು: ನರ್ಸಮ್ಮ, ಗುರುಗಳು, ದರ್ಜಿಯಣ್ಣ, ಪುಸ್ತಕ ಹಿಡಿದ ಕುರ್ಚಿಯಕ್ಕ. ಸೇತುವೆಗಳ ಉಸ್ತುವಾರಿಯ ಸಾಹೇಬರು ಸಣಕಲು ಆಳು, ಮರ್ಯಾದಸ್ಥರು. ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು, ನಾಲ್ವರಿಗೂ ನೀರು ತರಿಸಿದರು. ಆಮೇಲೆ ಕಾಗದವನ್ನು ಮಡಚಿ, ಹಾವೂ ಸಾಯದಂತೆ ಕೋಲೂ ಮುರಿಯದಂತೆ, ತುಂಬ ಮೃದುವಾಗಿ ಹೇಳಿದರು:

"ನೋಡೋಣ."

ಗುರುಗಳ ಮುಖ ಬಾಡಿತು. ದರ್ಜಿಯಣ್ಣ ನಿಟ್ಟುಸಿರು ಬಿಟ್ಟರು. ನರ್ಸಮ್ಮ ಸರಿಯಾಗಿ ಕೇಳಿಸದೆ, "ಏನಂದ್ರು?" ಎಂದಳು. ಕುರ್ಚಿಯಕ್ಕ ಮಾತ್ರ ಪುಸ್ತಕದಲ್ಲಿ ಆ ಮಾತನ್ನು ಬರೆದುಕೊಂಡು, ಪೆನ್ನಿಗೆ ಮುಚ್ಚಳ ಹಾಕಿ, ಚೀಲ ಹೆಗಲಿಗೇರಿಸಿ ಎದ್ದು ನಿಂತಳು.

"ಬನ್ನಿ ಸಾರ್, ಹೋಗೋಣ."

"ಎಲ್ಲಿಗಮ್ಮ?"

"ನೋಡೋಣ ಅಂದ್ರಲ್ಲ."

ಬಾಗಿಲ ಬಳಿಯಿದ್ದ ಗುಮಾಸ್ತರು ಕೆಮ್ಮಿನಲ್ಲಿ ನಗೆ ನುಂಗಿದರು. ಸಾಹೇಬರು ಆಕೆಯ ಮುಖವನ್ನು ದಿಟ್ಟಿಸಿದರು. ಅಲ್ಲಿ ಕುಹಕವೇನಾದರೂ ಇದ್ದಿದ್ದರೆ ಅವರಿಗೆ ಉತ್ತರ ಗೊತ್ತಿತ್ತು. ಇಪ್ಪತ್ತು ವರ್ಷಗಳ ಸರ್ವೀಸಿನಲ್ಲಿ ಕುಹಕಕ್ಕೆ ಉತ್ತರ ಕಲಿಯದವರಾರು? ಆದರೆ ಆಕೆ ಕುರ್ಚಿ ತಂದ ಗಿರಾಕಿ ಬಗ್ಗಲಿ ಎಂದು ಕಾಯುವ ಹಾಗೆ ಸುಮ್ಮನೆ ಕಾಯುತ್ತಿದ್ದಳು. ಬಿಸಿ ತುಪ್ಪ ಬಾಯಿಗೆ ಬಂದಂತಾಗಿತ್ತು ಸಾಹೇಬರಿಗೆ.

"ಈಗಲ್ಲಮ್ಮ. ಅಂದ್ರೆ... ನಾನು ಹೇಳಿದ್ದು..."

"ಈಗ ಬೇಡ ಅಂದ್ರೆ ಯಾವಾಗ ಸಾರ್? ಬರ್ಕೋಬೇಕು."

ಈಗ ನರ್ಸಮ್ಮನಿಗೆ ಕೇಳಿಸಿತ್ತು. ಆಕೆ ಕೈ ಮುಗಿದು, "ಹೌದು ಸಾರ್, ಯಾವತ್ತು ನೋಡೋಣ? ಎಷ್ಟು ಗಂಟೆಗೆ?" ಎಂದಳು. ಯಾರೂ ಹೇಳದೆಯೇ ಗುಮಾಸ್ತರು ಗೋಡೆಯ ಕ್ಯಾಲೆಂಡರನ್ನು ಇಳಿಸಿ ಮೇಜಿನ ಮೇಲಿಟ್ಟರು. ಸಾಹೇಬರು ಗುಮಾಸ್ತರತ್ತ ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಬೂದಿಯಾಗುತ್ತಿದ್ದರು. ಗುಮಾಸ್ತರ ಅತ್ತಿಗೆ ಲಾಂಡ್ರಿಯಲ್ಲಿ ದುಡಿಯುವವಳೆಂಬುದು ಆಮೇಲೆ ತಿಳಿಯಿತು.

"ಇಪ್ಪತ್ತೆರಡು, ಗುರುವಾರ," ಎಂದರು ಸಾಹೇಬರು.

"ಜನ ನಡೆಯೋ ಹೊತ್ತಿಗೇ ಬನ್ನಿ ಸಾರ್," ಎಂದಳು ನರ್ಸಮ್ಮ. "ಬೆಳಗ್ಗೆ ಐದೂಮುಕ್ಕಾಲು."

ಕುರ್ಚಿಯಕ್ಕ ಬರೆದಳು: "ಸಾಹೇಬರು ‘ನೋಡೋಣ’ ಎಂದರು. ಸಾಹೇಬರೂ ನಾವೂ ಕೂಡಿ ಇಪ್ಪತ್ತೆರಡರ ಗುರುವಾರ ಬೆಳಗ್ಗೆ ಐದೂಮುಕ್ಕಾಲಿಗೆ ನೋಡುವುದೆಂದು ನಿಶ್ಚಯವಾಯಿತು." ಗುಮಾಸ್ತರು ಅದರ ಕೆಳಗೆ ಇಲಾಖೆಯ ಮೊಹರೊತ್ತಿದರು.

ಮೆಟ್ಟಿಲಿಳಿಯುವಾಗ ಗುರುಗಳು ಗೋಡೆ ಹಿಡಿದುಕೊಂಡು ನಕ್ಕರು. "ಅಕ್ಕ, ನೀವು ಬೇಕೂಂತ ಮಾಡಿದ್ರಾ?"

"ಏನು ಮಾಡಿದೆ?"

ಅವರು ವಿವರಿಸಿದರು. ಆಕೆ ಅಲ್ಲೇ ನಿಂತಳು. "ಅಂದ್ರೆ, ನೋಡೋಣ ಅಂದ್ರೆ ನೋಡಲ್ಲ ಅಂತಾನಾ? ಹಾಗಾದ್ರೆ ನೋಡಲ್ಲ ಅನ್ನೋಕೆ ಏನಂತಾರೆ?"

ಬುಧವಾರದ ಸಭೆಯಲ್ಲಿ, ಸಾಹೇಬರು ಬಂದಾಗ ಏನು ತೋರಿಸಬೇಕೆಂಬ ಚರ್ಚೆ ಎದ್ದಿತು. ಗುರುಗಳು ಘೋಷಣೆ ಕೂಗೋಣವೆಂದರು. ದರ್ಜಿಯಣ್ಣ ದೊಡ್ಡ ಬಟ್ಟೆಯ ಮೇಲೆ ಬರೆಯೋಣವೆಂದರು. ಆಗ ಹಮಾಲನೊಬ್ಬ, "ಘೋಷಣೆ ಕೂಗೋಕೆ ಉಸಿರೆಲ್ಲಿದೆ ಗುರುಗಳೇ? ಲಾರಿ ತಿರುವಿನ ಹತ್ರ ಬರೋ ಹೊತ್ತಿಗೆ ನಂಗೆ ಒಂದು ಕುರ್ಚಿ ಸಿಕ್ಕಿದ್ರೆ ಸಾಕಾಗಿರತ್ತೆ," ಎಂದ.

ಎಲ್ಲರ ಕಣ್ಣೂ ತಾವು ಕುಳಿತಿದ್ದ ಕುರ್ಚಿಗಳ ಮೇಲೆ ಬಿತ್ತು.

ತೀರ್ಮಾನ ಅಲ್ಲಿಯೇ ಆಯಿತು. ಪ್ರತಿಯೊಬ್ಬರೂ ಒಂದು ಕುರ್ಚಿ ಒಯ್ಯುವುದು. ದಿನವೂ ನಡೆಯುವಾಗ ಕಾಲು ಮೊದಲು ಎಲ್ಲಿ ಸೋಲುತ್ತದೋ ಅಲ್ಲಿ ಹಾಕಿ ಕೂರುವುದು. "ಎಲ್ಲಿ ಅಂತ ಈಗ ಯಾರೂ ಹೇಳ್ಬೇಡಿ," ಎಂದಳು ನರ್ಸಮ್ಮ. "ಹೇಳಿದ್ರೆ ಒಬ್ಬರನ್ನ ನೋಡಿ ಒಬ್ಬರು ಮುಂದಕ್ಕೆ ಹಾಕ್ತೀರಿ. ಸೋತೆ ಅನ್ನೋಕೆ ಜನಕ್ಕೆ ನಾಚಿಕೆ. ನಾನು ವಾರ್ಡಲ್ಲಿ ಕಂಡಿದ್ದೀನಿ."

ಕುರ್ಚಿಯಕ್ಕ ಮಾತ್ರ ಇನ್ನೊಂದು ಕೆಲಸ ಮಾಡಿದಳು. ಮರುದಿನ ಮಧ್ಯಾಹ್ನ ಸೀರೆ ಎತ್ತಿ ಕಟ್ಟಿ ಕಾಲುವೆಯ ದಂಡೆಗಿಳಿದು, ಮುಚ್ಚಿದ ಸೇತುವೆಯ ಅಡಿಗೆ ಹೋಗಿ, ಕತ್ತೆತ್ತಿ ನಿಂತಳು. ತಲೆಕೆಳಗು ಮಾಡಲಾಗದ ಕುರ್ಚಿಯ ಕೆಳಗೆ ತಾನೇ ತೂರುವುದಲ್ಲದೆ ಬೇರೆ ದಾರಿಯೇನು? ಎಷ್ಟೋ ಹೊತ್ತು ನೋಡಿದಳು. ಏನು ಕಂಡಿತೆಂದು ಯಾರಿಗೂ ಹೇಳಲಿಲ್ಲ.

ಗುರುವಾರ ಬೆಳಗ್ಗೆ ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ತಂಗಿ ಅಂಗಡಿಯ ಮೂಲೆಯಿಂದ ಹಳೆಯ ಕುರ್ಚಿಯೊಂದನ್ನು ಎಳೆದುಕೊಂಡಳು.

"ನೀನೂ ಕೂರ್ತೀಯಾ?" ಕುರ್ಚಿಯಕ್ಕನಿಗೆ ಆಶ್ಚರ್ಯವಾಯಿತು. "ಸಭೆಗೆ ಒಂದಿನ ಬರ್ಲಿಲ್ಲ, ಈಗೇನು?"

"ಎಲ್ಲರೂ ಕೂರ್ತಾರಂತೆ. ನಂಗೂ ಎರಡು ನಿಮಿಷ ಕೂತ ಹಾಗಾಗತ್ತೆ."

"ಎಲ್ಲಿ ಕೂರ್ತೀಯ?"

"ಎಲ್ಲೋ. ಲಾರಿ ತಿರುವಿನ ಹತ್ರ ಅನ್ಕೋ," ಎಂದು ತಂಗಿ ಹೊರಟೇಹೋದಳು.

ಸಾಹೇಬರು ಹೇಳಿದ ಹೊತ್ತಿಗೆ ಬಂದರು, ಇಲಾಖೆಯ ಜೀಪಿನಲ್ಲಿ. ನರ್ಸಮ್ಮ ಅದರ ಬಾಗಿಲು ತಾನೇ ತೆರೆದು ಹಿಡಿದಳು. "ಇಳೀರಿ ಸಾರ್. ಗಾಡಿಗೆ ಕಾಲು ನೋಯಲ್ಲ." ಬೀಗ ಹಾಕಿದ ಗೇಟಿನ ಮುಂದಿನಿಂದ ನಡಿಗೆ ಶುರುವಾಯಿತು. ಮುಂದೆ ಸಾಹೇಬರು ಮತ್ತು ನರ್ಸಮ್ಮ, ಪಕ್ಕದಲ್ಲಿ ಹೆಜ್ಜೆ ಎಣಿಸುತ್ತ ಕುರ್ಚಿಯಕ್ಕ, ಹಿಂದೆ ಗುರುಗಳು ಮತ್ತು ಗುಮಾಸ್ತರು. ಕೊನೆಯಲ್ಲಿ ಹಳದಿ ಕತ್ತರಿಯ ಹೊಳೆಯುವ ಕುರ್ಚಿಯೊಂದನ್ನು ಬಗಲಲ್ಲಿ ಇಟ್ಟುಕೊಂಡ ದರ್ಜಿಯಣ್ಣ.

"ಅದು ಯಾರಿಗೆ?" ಎಂದರು ಸಾಹೇಬರು.

"ನಿಮಗೇ ಸಾರ್. ಎಲ್ಲಿ ಬೇಕೋ ಹೇಳಿ, ಹಾಕ್ತೀನಿ."

"ನನಗೆ ಬೇಕಾಗಲ್ಲ," ಎಂದು ಸಾಹೇಬರು ನಕ್ಕರು.

ಇನ್ನೂರ ಹತ್ತನೆಯ ಹೆಜ್ಜೆಗೆ ಮೊದಲ ಕುರ್ಚಿ ಕಂಡಿತು. ಮೋರಿಯ ಕಟ್ಟೆಯ ಪಕ್ಕದಲ್ಲಿ, ಒಂದು ಹೆಂಗಸು ಚಪ್ಪಲಿ ಬಿಚ್ಚಿ ಕುಳಿತಿದ್ದಳು. ಇಷ್ಟು ಬೇಗ ಸೋತವರಾರು, ಪಾಪ, ತೀರ ವಯಸ್ಸಾದವರಿರಬೇಕು ಎಂದುಕೊಂಡು ಕುರ್ಚಿಯಕ್ಕ ಪುಸ್ತಕ ತೆರೆದಳು. "ಹೆಜ್ಜೆ ಇನ್ನೂರ ಹತ್ತು" ಎಂದು ಬರೆದು ಕತ್ತೆತ್ತಿದಳು.

ತಂಗಿ.

"ಇಲ್ಲೇನಾ?" ಎಂದಳು ಕುರ್ಚಿಯಕ್ಕ.

"ಇಲ್ಲೇ."

"ಯಾವಾಗಿಂದ?"

"ಮಳೆಗಾಲದಿಂದ. ಮೊದಲ ಹೆಜ್ಜೆಯಿಂದಲೇ ಹಿಮ್ಮಡಿ ಹಿಡ್ಕೊಳ್ಳತ್ತೆ. ಈ ಕಟ್ಟೆ ಮೇಲೆ ಸ್ವಲ್ಪ ಕೂತು ಹೋಗ್ತೀನಿ." ತಂಗಿ ರಸ್ತೆ ನೋಡುತ್ತಿದ್ದಳು. "ಬರ್ಕೋ ಅಕ್ಕ. ಸಾಹೇಬರು ಕಾಯ್ತಿದ್ದಾರೆ."

ಕುರ್ಚಿಯಕ್ಕ ಬರೆದಳು: "ಲಾಂಡ್ರಿ ಕೆಲಸದವಳು." ಅದಕ್ಕಿಂತ ಹೆಚ್ಚು ಬರೆಯಲು ಪೆನ್ನು ಒಪ್ಪಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವ ಗಾದೆಯನ್ನು ಆಕೆ ನೂರು ಸಲ ಬೇರೆಯವರಿಗೆ ಹೇಳಿದ್ದಳು.

ತಂಗಿ ಎದ್ದು ಕುರ್ಚಿಯನ್ನು ಟಪ್ಪೆಂದು ಮಡಚಿ ನಡಿಗೆಯ ಹಿಂದೆ ಸೇರಿಕೊಂಡಳು.

ಮುಂದೆ ಕುರ್ಚಿಗಳು ಬರುತ್ತಲೇ ಇದ್ದವು. ಪೆಟ್ರೋಲ್ ಬಂಕಿನ ಎದುರು ಮೂರು. ರಸ್ತೆಬದಿಯ ಮರದಡಿ ಐದು. ದೊಡ್ಡ ಸೇತುವೆಯ ಏರಿನಲ್ಲಿ ಸಾಲಾಗಿ ಎಂಟು. ಆ ಎಂಟರಲ್ಲಿ ನೀಲಿ, ಕೆಂಪು, ಹಳದಿ ಎಲ್ಲವೂ ಇದ್ದವೆಂದು ಕುರ್ಚಿಯಕ್ಕನಿಗೆ ತಳ ನೋಡದೆಯೇ ಗೊತ್ತಿತ್ತು. ಯಾರೂ ಏನನ್ನೂ ಬೇಡಲಿಲ್ಲ, ಕೂಗಲಿಲ್ಲ. ಸಾಹೇಬರು ಹಾದುಹೋದ ಕೂಡಲೆ ಎದ್ದು, ಕುರ್ಚಿ ಮಡಚಿ, ಹಿಂದೆ ಬರುತ್ತಿದ್ದರು. ಟಪ್, ಟಪ್, ಟಪ್. ಆ ಸದ್ದು ಬೆನ್ನ ಹಿಂದೆ ಬೆಳೆದಂತೆ ಸಾಹೇಬರು ಮೊದಮೊದಲು ತಿರುಗಿ ನೋಡುತ್ತಿದ್ದರು. ಆಮೇಲೆ ನೋಡುವುದನ್ನು ಬಿಟ್ಟರು. ಮೊದಮೊದಲು "ಇವರಿಗೇನು?" ಎಂದು ನರ್ಸಮ್ಮನನ್ನು ಕೇಳುತ್ತಿದ್ದವರು ಆಮೇಲೆ ಕುಳಿತವರನ್ನೇ ಕೇಳತೊಡಗಿದರು. ಗುರುಗಳು ದಾರಿಯುದ್ದಕ್ಕೂ ಒಂದೇ ಒಂದು ಭಾಷಣ ಮಾಡಲಿಲ್ಲವೆಂಬುದನ್ನು ಕುರ್ಚಿಯಕ್ಕ ವಿಶೇಷವಾಗಿ ಬರೆದುಕೊಂಡಳು.

ಲಾರಿ ತಿರುವಿನಲ್ಲಿ ಒಂದು ಲಾರಿ ಅವರ ತೋಳಿಗೆ ಗಾಳಿ ಬಡಿಯುವಷ್ಟು ಹತ್ತಿರ ಹಾದುಹೋಯಿತು. ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಕೈಕೊಟ್ಟು ನಿಂತರು. ಹಣೆಯೊರೆಸಿಕೊಂಡರು. ಆಮೇಲೆ ಯಾರ ಮುಖವನ್ನೂ ನೋಡದೆ, "ದರ್ಜಿಯಣ್ಣಾರೇ, ಆ ಕುರ್ಚಿ..." ಎಂದರು.

ಯಾರೂ ನಗಲಿಲ್ಲ. ಸಾಹೇಬರು ಕುಳಿತರು. ಕುರ್ಚಿಯಕ್ಕ ಬರೆದಳು: "ಹೆಜ್ಜೆ ನಾಲ್ಕು ಸಾವಿರದ ಆರುನೂರು. ಸೇತುವೆ ಇಲಾಖೆಯವರು."

ಲಾಂಡ್ರಿಯ ಗೇಟಿನ ಮುಂದೆ ತಲುಪಿದಾಗ ಅರವತ್ತೆರಡು ನಿಮಿಷವಾಗಿತ್ತು. ಅಲ್ಲಿಂದ ಕಾಲುವೆಯಾಚೆ ಅವರು ಹೊರಟ ಜಾಗ ಕಾಣುತ್ತಿತ್ತು: ಬೀಗ, ಫಲಕ, ಬೀಡಿ ಸೇದುತ್ತ ನಿಂತಿದ್ದ ಜೀಪಿನ ಡ್ರೈವರ್. ಗುಮಾಸ್ತರು ಇಲ್ಲಿಂದ ಕೂಗಿದರೆ ಅವನು ಅಲ್ಲಿಂದಲೇ ಓಗೊಡುವಷ್ಟು ಹತ್ತಿರ. ಕೂಗಿದರು, ಓಗೊಟ್ಟ.

"ಕಂಬಿ ಮುರಿದಿತ್ತಮ್ಮ," ಎಂದರು ಸಾಹೇಬರು. ಅವರ ದನಿಯಲ್ಲಿ ಈಗ ಕಚೇರಿಯಿರಲಿಲ್ಲ. "ಯಾರಾದ್ರೂ ಬಿದ್ದಿದ್ರೆ? ಸಹಿ ನನ್ನದು. ಅದಕ್ಕೇ ಮುಚ್ಚಿದೆ."

"ತಪ್ಪಲ್ಲ ಸಾರ್. ಆದ್ರೆ ಕುರ್ಚಿನ ಮೇಲಿಂದ ನೋಡಿದ್ರೆ ಕೂರೋದು ಬೇಡ ಅನ್ನಿಸತ್ತೆ. ಕೆಳಗಿಂದ ನೋಡಿದ್ರೆ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗತ್ತೆ. ಬನ್ನಿ."

ಸಾಹೇಬರು ಬೂಟು ಬಿಚ್ಚಿ ದಂಡೆಗಿಳಿದರು. ಆಕೆ ಚೀಲದಿಂದ ಮರದ ಸುತ್ತಿಗೆ ತೆಗೆದುಕೊಟ್ಟಳು. ಅವರು ಸೇತುವೆಯಡಿ ನಿಂತು ತೊಲೆಗಳನ್ನು ಒಂದೊಂದಾಗಿ ಬಡಿದು ಕಿವಿಗೊಟ್ಟರು. ಕಲಿತ ವಿದ್ಯೆ ಕೈಗೆ ಬಂದಾಗ ಮನುಷ್ಯನ ಮುಖ ಎಳೆಯದಾಗುತ್ತದೆ, ಹುಡುಗುತನ ಮರಳುತ್ತದೆ. ತೊಲೆಗಳು ಗಟ್ಟಿದನಿಯಲ್ಲಿ ಮಾತಾಡಿದವು. ಅಡ್ಡಹಲಗೆಗಳಲ್ಲಿ ಏಳು ಮಾತ್ರ ಟೊಳ್ಳು ಸದ್ದು ಮಾಡಿದವು.

"ಏಳು," ಎಂದರು ಸಾಹೇಬರು.

"ನಂಗೂ ಏಳೇ ಸಿಕ್ಕಿದ್ದು," ಎಂದಳು ಕುರ್ಚಿಯಕ್ಕ.

ಮೇಲೆ ದಂಡೆಯ ತುಂಬ ಜನ ಮಡಚಿದ ಕುರ್ಚಿ ಹಿಡಿದು ಕಾಯುತ್ತಿದ್ದರು. ಸಾಹೇಬರು ಕೈ ಒರೆಸಿಕೊಳ್ಳುತ್ತ ಹತ್ತಿಬಂದು, ಇಪ್ಪತ್ತು ವರ್ಷಗಳ ಅಭ್ಯಾಸಬಲದಿಂದ ಬಾಯಿ ತೆರೆದರು:

"ನೋಡೋ..."

ಅಷ್ಟರಲ್ಲಿ ತಾವೇ ನಿಂತರು. ಮೊದಲು ಗುಮಾಸ್ತರು ನಕ್ಕರು, ಆಮೇಲೆ ದಂಡೆಯೇ ನಕ್ಕಿತು, ಕೊನೆಗೆ ಸಾಹೇಬರೂ ನಕ್ಕರು. "ಆಯ್ತು. ನೋಡಿದ್ದಾಯ್ತು. ಹದಿನೈದು ದಿನ. ಬರ್ಕೊಳ್ಳಿ."

ಸುತ್ತಿಗೆಯ ಸದ್ದು ಕೇಳಿಸಿದ್ದು ಹದಿನಾರನೆಯ ದಿನ. ಒಂದು ದಿನ ತಡವಾದದ್ದನ್ನೂ ಕುರ್ಚಿಯಕ್ಕ ಬರೆದಿಟ್ಟಳು. ಆದರೆ ಅದು ಆಮೇಲಿನ ಮಾತು. ಆ ಗುರುವಾರ ಸಂಜೆ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಇನ್ನೂ ಬಾಯಿ ತೆರೆದೇ ಇತ್ತು, ಅದರಲ್ಲಿ ಅರ್ಧದಷ್ಟು ಬಟ್ಟೆ ತುಂಬಿತ್ತು. ತಂಗಿ ಬೆತ್ತ ನೆನೆಸುವ ಬೋಗುಣಿಗೆ ಬಿಸಿನೀರು ಸುರಿದು ಕಾಲು ಇಳಿಬಿಟ್ಟು ಕುಳಿತಿದ್ದಳು. ಕುರ್ಚಿಯಕ್ಕ ಬಾಗಿಲಲ್ಲಿ ನಿಂತಳು.

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಕೇಳಿದ್ನಲ್ಲೇ! ಕಾಲು ನೋಯ್ತಿದ್ಯಾ ಅಂತ ಕೇಳಿದ್ದೆ."

"ಕೈಯಲ್ಲಿ ಬೆತ್ತ ಇಟ್ಕೊಂಡು, ಕಣ್ಣು ಕುರ್ಚಿ ಮೇಲೆ ಇಟ್ಕೊಂಡು ಕೇಳಿದ್ದೆ. ಅದೂ ಕೇಳೋದಾ? ಊರವರ ಕುರ್ಚಿನೆಲ್ಲ ಬುಡಮೇಲು ಮಾಡ್ತೀಯ. ನಾನು ನಿನ್ನ ಮುಂದೇನೇ ಕುಂಟ್ಕೊಂಡು ಓಡಾಡ್ತಿದ್ದೆ."

ಕುರ್ಚಿಯಕ್ಕ ಒಳಗೆ ಬಂದು ಎದುರಿಗೆ ನೆಲದ ಮೇಲೆ ಕುಳಿತಳು.

"ಹದಿನೈದು ದಿನ ಅಂದಿದ್ದಾರೆ. ತಿಂಗಳು ಮುಗಿಯೋಕೆ ಎಂಟೇ ದಿನ. ಇರ್ತೀಯೋ, ಹೋಗ್ತೀಯೋ?"

ತಂಗಿ ನೀರಿನಲ್ಲಿ ಬೆರಳಾಡಿಸಿದಳು. "ನೋಡೋಣ."

"ಯಾವ ನೋಡೋಣ? ಸಾಹೇಬರದೋ, ನಂದೋ?"

ತಂಗಿ ಬಲಗಾಲನ್ನು ಬೋಗುಣಿಯಿಂದ ಮೇಲೆತ್ತಿ, ನೀರು ತೊಟ್ಟಿಕ್ಕುತ್ತಿದ್ದಂತೆಯೇ, ಅಂಗಾಲು ಮೇಲಾಗುವಂತೆ ಅಕ್ಕನ ಮೊಣಕಾಲಿನ ಮೇಲಿಟ್ಟಳು. ಕುರ್ಚಿಯಕ್ಕ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿದಳು. ತಂಗಿಯೂ ಬಗ್ಗಿದಳು.